ಹದಿನಾಲ್ಕು ಜೋಡಿ ಪಾದಗಳ ಪರೀಕ್ಷೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಜೋಡಿ ಹೊಸ ಬೂಟು. ತುದಿಬೆರಳ ಮೇಲೆ ನಿಂತು ಕುಣಿಯುವ ಬ್ಯಾಲೆ ಬೂಟಿನ ಮೂತಿ ಹೊಸದರಲ್ಲಿ ಮರದ ತುಂಡಿನಂತಿರುತ್ತದೆ. ನೆಲಕ್ಕೆ ಬಡಿದು ಮೆತ್ತಗೆ ಮಾಡದಿದ್ದರೆ ವೇದಿಕೆಯ ಮೇಲೆ ಟಕಟಕ ಎನ್ನುತ್ತದೆ. ಮುಂದೆ ಸದ್ದಾಗಬಾರದೆಂದೇ ಟೀಚರಮ್ಮ ಆ ಬೆಳಿಗ್ಗೆ ಮಹಡಿಯ ಮೇಲಿನ ತಮ್ಮ ಬ್ಯಾಲೆ ಶಾಲೆಯಲ್ಲಿ ಕೂತು ದಬದಬ ಬಡಿಯುತ್ತಿದ್ದರು.

ಸರಿಯಾಗಿ ಅದರ ಕೆಳಗೆ ಹಲ್ಲಿನ ಡಾಕ್ಟರು ರೋಗಿಯೊಬ್ಬರ ಬಾಯಿಗೆ ಬೆರಳು ಹಾಕಿದ್ದರು. ರೋಗಿ ಬೆಚ್ಚಿಬಿದ್ದು ಬಾಯಿ ಮುಚ್ಚಿದರು.

ಡಾಕ್ಟರು ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು, ಕಟ್ಟಡದ ಯಜಮಾನರನ್ನೂ ಎಳೆದುಕೊಂಡು ಮೇಲೆ ಬಂದರು. ಶಾಲೆಯ ಬಾಡಿಗೆ ಕರಾರು ಮುಗಿಯುವುದೂ ಅದೇ ದಿನ.

"ನೋಡಿ ಸಾರ್, ದಿನಾ ಇದೇ ಗೋಳು. ಇವರ ಮಕ್ಕಳು ಕುಣಿಯೋದು ನನ್ನ ತಲೆ ಮೇಲೇ!"

ಟೀಚರಮ್ಮನ ಪಿತ್ತ ನೆತ್ತಿಗೇರಿತು. "ಬೂಟು ಬಡಿದಿದ್ದು ನನ್ನ ತಪ್ಪು ಡಾಕ್ಟ್ರೇ, ಒಪ್ಕೋತೀನಿ. ಆದ್ರೆ ಮಕ್ಕಳ ವಿಷಯ ಎತ್ಬೇಡಿ. ಅವರು ಹಾರಿ ಇಳಿದ್ರೆ ಕೆಳಗಿದ್ದೋರಿಗೆ ಒಂಚೂರೂ ಕೇಳಲ್ಲ."

"ಹೌದಾ?" ಎಂದರು ಯಜಮಾನರು. "ಹಾಗಾದ್ರೆ ನಾಲ್ಕು ಗಂಟೆಗೆ ನಾನು ಡಾಕ್ಟ್ರ ಕುರ್ಚೀಲಿ ಕೂತಿರ್ತೀನಿ, ನೀವು ಹಾರಿಸಿ. ಸದ್ದು ಕೇಳಿದ್ರೆ ಖಾಲಿ ಮಾಡ್ಬೇಕು. ಕೇಳದಿದ್ರೆ ಐದು ವರ್ಷಕ್ಕೆ ಸಹಿ ಹಾಕ್ತೀನಿ."

ಎದುರು ಬಾಗಿಲಿನ ದರ್ಜಿ, "ಹಾಸಿಗೆ ಹಾಸಿಬಿಡಿ ಮೇಡಂ" ಎಂದ. ಶಾಲೆಯಲ್ಲಿ ಪಿಯಾನೋ ನುಡಿಸುವ ಅಕ್ಕ ಇನ್ನೂ ಒಂದು ಹೆಜ್ಜೆ ಮುಂದೆ ಹೋದಳು. "ಮಕ್ಕಳನ್ನ ಸುಮ್ನೆ ಕೂರಿಸ್ಬಿಡು ಕಣೇ. ಕೆಳಗಿದ್ದೋರಿಗೆ ಕಾಣುತ್ತಾ?"

"ಏನಂದೆ?" ಟೀಚರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಏಳನೇ ವಯಸ್ಸಿಂದ ಹಾರಿದೀನಿ. ನಮ್ಮ ಗುರುಗಳು ಗೋಡೆ ಕಡೆ ಮುಖ ಮಾಡಿ ಕೂರೋರು. ಕಿವಿಗೆ ಕೇಳಿದ್ರೆ, ಹಾರಿದ್ದಲ್ಲ, ಬಿದ್ದಿದ್ದು ಅನ್ನೋರು. ಇಪ್ಪತ್ತೆರಡು ವರ್ಷ ವೇದಿಕೆ ಮೇಲೆ ಉಗುರು ಕಿತ್ಕೊಂಡು ಕುಣಿದಿದೀನಿ, ಹನ್ನೊಂದು ವರ್ಷ ಕಲಿಸಿದೀನಿ. ಈಗ ಕೂರಿಸ್ಲಾ? ನನ್ನ ಮಕ್ಕಳು ಹಾರ್ತಾರೆ!"

ನಾಲ್ಕು ಹೊಡೆಯಿತು. ಅಕ್ಕ ಪಿಯಾನೋ ಮುಚ್ಚಿ ಬೆರಳಲ್ಲೇ ಲೆಕ್ಕ ತೋರಿಸಿದಳು. ಹದಿನಾಲ್ಕು ಮಕ್ಕಳೂ ಒಟ್ಟಿಗೆ ನೆಗೆದರು. ಇಳಿಯುವಾಗ ಮೊದಲು ಬೆರಳು, ಆಮೇಲೆ ಅಂಗಾಲು, ಕೊನೆಗೆ ಹಿಮ್ಮಡಿ. ಗೋಡೆಯಿಂದ ಬೆಕ್ಕು ಇಳಿದ ಹಾಗಿತ್ತು. ನೆಗಡಿಯಾಗಿದ್ದ ಪುಟ್ಟಿಯೊಬ್ಬಳು ಸೀನಲು ಬಾಯಿ ತೆರೆದಳು. ಟೀಚರಮ್ಮ ಓಡಿಹೋಗಿ ಅವಳ ಮೂಗು ಹಿಡಿದರು. ಆಮೇಲೆ ತಡೆಯಲಾರದೆ ತಾವೂ ನೆಗೆದರು. ಸವೆದ ಮೊಣಕಾಲು ಲಟಕ್ ಎಂದಿತು, ಅದು ಅವರೊಬ್ಬರಿಗೇ ಕೇಳಿಸಿತು. ಇಷ್ಟು ವರ್ಷದ ಬಾಳು ಸಾರ್ಥಕ ಎನಿಸಿ ಕಣ್ಣು ತುಂಬಿ ಬಂತು.

ಯಜಮಾನರು ಡಾಕ್ಟರ ಜೊತೆ ಮೇಲೆ ಬಂದು ಪಟ್ಟನೆ ಸಹಿ ಹಾಕಿದರು. "ಗಡಿಯಾರದ ಸದ್ದು ಬಿಟ್ರೆ ಏನೂ ಇಲ್ಲ! ಬೆಳಿಗ್ಗೆ ಆ ರೋಗಿ ಬೇಕಂತ್ಲೇ ಕಚ್ಚಿರ್ಬೇಕು."

ಡಾಕ್ಟರ ಮುಖ ಇಂಗು ತಿಂದ ಮಂಗನಂತಾಯಿತು. ಟೀಚರಮ್ಮ ಒಂದಡಿ ಎತ್ತರ ಬೆಳೆದರು.

"ದೊಡ್ಡ ಉಪಕಾರ ಮಾಡಿದ್ರಿ ಮೇಡಂ," ಯಜಮಾನರು ಮುಂದುವರಿಸಿದರು. "ನಿಮ್ಮ ಮೇಲಿನ ಮಹಡಿ ಬಾಡಿಗೆಗೆ ಬೇಕು ಅಂತ ಡ್ರಮ್ ಕಲಿಸೋರೊಬ್ಬರು ಕೇಳ್ತಿದ್ರು. ನಿಮಗೆ ತೊಂದ್ರೆ ಆಗುತ್ತೇನೋ ಅಂತ ಹಿಂದೆಮುಂದೆ ನೋಡ್ತಿದ್ದೆ. ನನ್ನ ಕಟ್ಟಡದಲ್ಲಿ ಸದ್ದು ಕೆಳಗಿಳಿಯಲ್ಲ ಅಂತ ಇವತ್ತು ಖಾತ್ರಿ ಆಯ್ತು. ಏನು ಕಾಂಕ್ರೀಟು ಅಂತೀರಿ! ನಾಳೆಯಿಂದ ಬರ್ತಾರೆ, ಇಪ್ಪತ್ತು ಡ್ರಮ್ಮು."

"ಸಾರ್, ಅದು ಕಾಂಕ್ರೀಟಲ್ಲ, ನನ್ನ ಮಕ್ಕಳ ಕಾಲು!"

"ಹದಿನಾಲ್ಕು ಮಕ್ಕಳು ಹಾರಿದ್ರೆ ಸದ್ದಾಗದೆ ಇರುತ್ತಾ? ಸುಮ್ನಿರಿ ಮೇಡಂ," ಎಂದು ನಗುತ್ತ ಯಜಮಾನರು ಮೆಟ್ಟಿಲಿಳಿದರು. ಹಿಂದೆಯೇ ಡಾಕ್ಟರೂ ಇಳಿದರು, ಆ ದಿನ ಮೊದಲ ಸಲ ಹಲ್ಲು ಬಿಡುತ್ತ.

ಪುಟ್ಟಿ ಬಂದು ಕೈ ಜಗ್ಗಿದಳು. "ಮಿಸ್, ನಾವು ಚೆನ್ನಾಗಿ ಇಳಿದ್ವಾ?"

ಟೀಚರಮ್ಮ ಸೂರನ್ನೊಮ್ಮೆ ನೋಡಿ ಅವಳ ತಲೆ ಸವರಿದರು. "ತುಂಬಾ ಚೆನ್ನಾಗಿ ಇಳಿದ್ರಿ ಚಿನ್ನಾ. ಅದೇ ಎಡವಟ್ಟಾಗಿದ್ದು."