ಸರ್ಕಾರಿ ಹೋರಿಗೆ ಹೊರಟ ಗೌರಿ

ಮೂಡಲಗಿರಿಯಪ್ಪನ ಹಸು ಗೌರಿ ಹಾಲಿಗೆ ಕಾಮಧೇನು, ಕರುವಿಗೆ ಮಾತ್ರ ಗ್ರಹಚಾರ. ಅವಳು ಹಾಕಿದ ಹೋರಿಗರುಗಳೆಲ್ಲ ಮೆತ್ತಗೆ, ನುಣ್ಣಗೆ ಬೆಳೆದು, ನೊಗ ಕಂಡ ಕೂಡಲೇ ಮಲಗಿಬಿಡುತ್ತಿದ್ದವು. ಹಾಗಾಗಿ ಪ್ರತಿ ಮುಂಗಾರಿಗೂ ಅವನು ಪಕ್ಕದ ಮನೆಯ ಬೋರಪ್ಪನ ಎತ್ತುಗಳನ್ನು ಬೇಡಿ ತಂದು ಉಳಬೇಕಾಗಿತ್ತು. ಬೋರಪ್ಪ ಇಲ್ಲ ಅನ್ನುವವನಲ್ಲ. ಕೊಟ್ಟು ಊರಿಗೆಲ್ಲ ಹೇಳಿಕೊಂಡು ಬರುವವನು, ಅದೇ ಕಷ್ಟ.

ಈ ವರ್ಷ ಮಹಾರಾಜರ ಸರ್ಕಾರದವರು ಕೊಡಿಗೇನಹಳ್ಳಿಗೆ ಅಮೃತಮಹಲ್ ತಳಿಯ ಹೋರಿಯೊಂದನ್ನು ಕಳಿಸಿದ್ದರು. ರೈತರು ಯಾರು ಬೇಕಾದರೂ ಹಸು ಹೊಡೆದುಕೊಂಡು ಹೋಗಿ ಹೋರಿಗೆ ಬಿಡಿಸಬಹುದು. ಸುದ್ದಿ ಕೇಳಿದ್ದೇ ಮೂಡಲಗಿರಿಯಪ್ಪನ ತಲೆಯಲ್ಲಿ ದೀಪ ಹತ್ತಿಕೊಂಡಿತು.

"ತಾಯಿದು ಹಾಲು, ಅಪ್ಪಂದು ಹೆಗಲು. ಎಲ್ಡೂ ಸೇರಿದ್ರೆ ಹುಟ್ಟಾದು ಕರ ಅಲ್ಲ ಕಣೇ, ಬಂಗಾರ" ಎಂದು ಹೆಂಡತಿ ಆಂಜಿನಮ್ಮನಿಗೆ ಹೇಳಿದ. ಅಷ್ಟಕ್ಕೇ ಬಿಡಲಿಲ್ಲ. ಕೊಡಿಗೇನಹಳ್ಳಿಯ ಸಾಹುಕಾರ ಶಂಕರಲಿಂಗಪ್ಪನವರಿಗೆ ಗಾಡಿ ಎತ್ತಿನ ಶೋಕಿ ಎಂದು ತಿಳಿದು ಅವರ ಹತ್ತಿರ ಹೋಗಿ ಮಾತಾಡಿಕೊಂಡೂ ಬಂದ. ಆ ಹೋರಿಗೆ ಹುಟ್ಟಿದ ಹೋರಿಗರು ಕೊಟ್ಟರೆ ಬದಲಿಗೆ ತಮ್ಮ ಹೊಲದ ಒಂದು ಜೊತೆ ಉಳುವ ಎತ್ತು ಕೊಡುವುದಾಗಿ ಸಾಹುಕಾರರು ಒಪ್ಪಿದರು. ಮೂಡಲಗಿರಿಯಪ್ಪನ ಮನಸ್ಸಿನಲ್ಲಿ ಎತ್ತುಗಳು ಅವತ್ತೇ ಕೊಟ್ಟಿಗೆಗೆ ಬಂದು ಹುಲ್ಲು ತಿನ್ನುತ್ತಿದ್ದವು. ಇನ್ನು ಗೌರಿ ಬೆದೆಗೆ ಬರುವುದೊಂದೇ ಬಾಕಿ.

ಹಸು ಬೆದೆಗೆ ಬರುವುದು ನಮ್ಮ ಅನುಕೂಲ ನೋಡಿಕೊಂಡಲ್ಲ. ಹೋರಿ ನಾಳೆ ಪಾವಗಡದ ಕಡೆಗೆ ಹೊರಡುತ್ತದೆ ಅನ್ನುವಾಗ, ಇವತ್ತು ಬೆಳಗ್ಗೆ ಗೌರಿ ಹಟ್ಟಿ ಹಾರಿಹೋಗುವ ಹಾಗೆ ಅರಚತೊಡಗಿದಳು. ಮೂಡಲಗಿರಿಯಪ್ಪ ಮುಖವನ್ನೂ ತೊಳೆಯದೆ ಅವಳ ಹಗ್ಗ ಹಿಡಿದು ಬೀದಿಗಿಳಿದ.

ಜಗಲಿಯ ಮೇಲೆ ಬೋರಪ್ಪ ತಯಾರಾಗಿ ಕೂತಿದ್ದ. "ಎಲ್ಲಿಗ್ಲಾ ಸವಾರಿ? ಊರಾಗೆ ದ್ಯಾವ್ರ ಬಸವ ಇರುವಾಗ ಸರ್ಕಾರಿ ಹೋರಿ ಯಾಕ್ಲಾ ನಿಂಗೆ?"

"ಬಸವನ ಮಕ್ಳು ತಿನ್ನಾಕೆ ಸೈ, ಉಳಾಕಲ್ಲ" ಎಂದು ಮೂಡಲಗಿರಿಯಪ್ಪ ಮುಂದೆ ನಡೆದ.

ಮಲ್ಲೇಶ್ವರನ ಗುಡಿಗೆ ಹರಕೆ ಬಿಟ್ಟ ಆ ಬಸವ ಹುಟ್ಟಿದಂದಿನಿಂದ ನೊಗ ಮುಟ್ಟಿದ್ದಲ್ಲ. ಕಂಡವರ ಹೊಲ ಮೇಯ್ದು ಅದರ ಹೊಟ್ಟೆ ರಾಗಿ ತುಂಬಿದ ಮಣ್ಣಿನ ವಾಡೆಯಂತಾಗಿತ್ತು. ಅದನ್ನು ಹೊಡೆಯುವ ಹಾಗಿಲ್ಲ, ಬೈಯುವ ಹಾಗಿಲ್ಲ. ಅದು ಎಲ್ಲಿಗೆ ಹೊರಟರೂ ದೇವರೇ ಹೊರಟ ಹಾಗೆ. ತೊಡೆಯ ಮೇಲೆ ಗುಡಿಯ ಮುದ್ರೆ ಇದ್ದುದರಿಂದ ಸುತ್ತಲ ಹಳ್ಳಿಗಳಿಗೆಲ್ಲ ಅದರ ಗುರುತಿತ್ತು.

ಊರಬಾಗಿಲ ಹತ್ತಿರ ಮಲಗಿದ್ದ ಬಸವ ಗೌರಿಯ ಗಾಳಿ ಸೋಕಿದ್ದೇ ಎದ್ದು ನಿಂತಿತು. ಮೂತಿ ಮೇಲೆತ್ತಿ ಮೂಸಿತು, ಹಿಂದೆ ಹೊರಟಿತು. ಮೂಡಲಗಿರಿಯಪ್ಪ ದೊಣ್ಣೆ ಎತ್ತಿದ.

"ಲೇ! ದ್ಯಾವ್ರ ಮ್ಯಾಲೆ ಕೈ ಮಾಡ್ತೀಯೇನ್ಲಾ?" ಹಿಂದೆಯೇ ಬಂದಿದ್ದ ಬೋರಪ್ಪನ ಕೂಗು. ಎತ್ತಿದ ಕೈಗೆ ಇನ್ನೊಂದು ಕೈ ಸೇರಿಸಿ ಮೂಡಲಗಿರಿಯಪ್ಪ ನಮಸ್ಕಾರ ಮಾಡಿದ. ಬೋರಪ್ಪ ಪಟೇಲರಿಗೆ ಸುದ್ದಿ ಮುಟ್ಟಿಸಲು ಓಡಿದ. ಅವನಿಗೆ ಬೇರೆ ಕೆಲಸವಾದರೂ ಏನಿತ್ತು?

ದಾರಿ ಉದ್ದಕ್ಕೂ ಮುಂದೆ ಗೌರಿ, ಹಿಂದೆ ಬಸವ, ನಡುವೆ ಮೂಡಲಗಿರಿಯಪ್ಪ. ಅವನು ಓಡಿದರೆ ಬಸವನೂ ಓಡಿತು, ನಿಂತರೆ ಕೊಂಬಿನಿಂದ ಅವನ ಬೆನ್ನನ್ನು ತಿವಿಯಿತು. "ಸ್ವಾಮಿ, ನಿನ್ ಪಾದಕ್ಕೆ ಬಿದ್ದೆ, ಊರಿಗೆ ಹೋಗಪ್ಪ" ಎಂದು ಅಂಗಲಾಚಿದರೆ ಕೇಳಿಸಿಕೊಳ್ಳುವುದಕ್ಕೂ ಅದಕ್ಕೆ ಪುರಸೊತ್ತಿರಲಿಲ್ಲ.

ಮುಂದಿನ ಹಳ್ಳಿ ಸಿಕ್ಕಿದಾಗ ನಿಜವಾದ ಪೇಚಾಟ ಶುರುವಾಯಿತು. "ಬಸವಣ್ಣ ದಯಮಾಡಿಸವ್ನೆ!" ಎಂದು ಕರಿಬಸಮ್ಮ ಎಂಬ ಮುದುಕಿ ಕೂಗಿದ್ದೇ ತಡ, ಮನೆಮನೆಯಿಂದ ನೀರು, ಕುಂಕುಮ, ಬಾಳೆಹಣ್ಣು ಹೊರಬಂದವು. ಒಬ್ಬರು ಕಾಲು ತೊಳೆದರು, ಒಬ್ಬರು ಹಾರ ಹಾಕಿದರು. ಬಸವ ಹಾರವನ್ನೂ ತಿಂದಿತು. ಹೊತ್ತು ನೆತ್ತಿಗೇರುತ್ತಿತ್ತು.

"ಬುಡ್ರವ್ವಾ, ಹೊತ್ತಾಯ್ತದೆ!"

"ಬಸವಣ್ಣನ್ನ ಎಲ್ಲಿಗಪ್ಪ ಕರ್ಕೊಂಡ್ ಹೊಂಟೆ?"

ಸತ್ಯ ಹೇಳಿದರೆ ಸಂಜೆಯವರೆಗೂ ಪ್ರಶ್ನೆ ಕೇಳುತ್ತಾರೆ ಎಂದು ಮೂಡಲಗಿರಿಯಪ್ಪನಿಗೆ ಗೊತ್ತು. ಸುಳ್ಳು ಅವನಿಗೆ ಯಾವಾಗಲೂ ನಾಲಗೆಯ ತುದಿಯಲ್ಲೇ ಇರುತ್ತಿತ್ತು. "ಕನಸ್ನಾಗೆ ದ್ಯಾವ್ರು ಬಂದಿತ್ತು. ನಿನ್ ಹಸಿನ ಹೊಟ್ಟೇಲಿ ನಾನು ಹುಟ್ಟಿ ಬತ್ತೀನಿ, ಕೊಡಿಗೇನಹಳ್ಳಿಗೆ ನಡಿ ಅಂತು. ತಡ ಆದ್ರೆ ಪಾಪ ನಿಮ್ಗೇ ಸುತ್ಕೊಳ್ತದೆ!"

ದಾರಿಯೇನೋ ಬಿಟ್ಟರು. ಆದರೆ ಊರಿಗೆ ಊರೇ ಹಿಂದೆ ಹೊರಟಿತು. ತಮಟೆ ಬಂತು. ಕೊಡಿಗೇನಹಳ್ಳಿ ಮುಟ್ಟುವ ಹೊತ್ತಿಗೆ ಗೌರಿಯ ಹಿಂದೆ ಒಂದು ಮದುವೆಯ ದಿಬ್ಬಣದಷ್ಟು ಜನ.

ಅಲ್ಲಿ ಮಾತ್ರ ಆ ಜನರೇ ಅವನಿಗೆ ಉಪಕಾರ ಮಾಡಿದರು. ಬೀದಿಯ ನಡುವೆ ಬಸವನನ್ನು ನಿಲ್ಲಿಸಿ ಮಂಗಳಾರತಿಗೆ ತೊಡಗಿದರು. ಅಷ್ಟರಲ್ಲಿ ಮೂಡಲಗಿರಿಯಪ್ಪ ಗೌರಿಯನ್ನು ಹೋರಿಯ ದೊಡ್ಡಿಯೊಳಕ್ಕೆ ನುಗ್ಗಿಸಿ, ಹೋರಿ ನೋಡಿಕೊಳ್ಳುತ್ತಿದ್ದ ಚಿಕ್ಕರಂಗಯ್ಯನಿಗೆ, "ಬಾಗ್ಲು ಹಾಕಣ್ಣೋ!" ಎಂದು ಕೂಗಿದ. ಬಾಗಿಲು ಬಿತ್ತು. ಆ ಹೋರಿಯ ಭುಜವೇನು, ಕೊಂಬೇನು! ಮೂಡಲಗಿರಿಯಪ್ಪನಿಗೆ ಕಣ್ಣು ತುಂಬಿ ಬಂತು. ಕೆಲಸ ಸುಸೂತ್ರವಾಗಿ ಮುಗಿಯಿತು.

ಮೀಸೆ ತಿರುವುತ್ತಾ ಹೊರಗೆ ಬಂದರೆ ಶಂಕರಲಿಂಗಪ್ಪನವರು ಎದುರಿಗೇ ಕೈಮುಗಿದು ನಿಂತಿದ್ದರು. ಕೈಮುಗಿದದ್ದು ಅವನಿಗಲ್ಲ, ಗೌರಿಗೆ.

"ಸಾವ್ಕಾರ್ರೇ, ಕೆಲ್ಸ ಆಯ್ತು. ಎತ್ತು ರೆಡಿ ಮಾಡ್ಕಳ್ಳಿ."

"ಯಾವ ಎತ್ತಪ್ಪ? ದೇವರೇ ಹುಟ್ಟಿ ಬರ್ತಾನಂತೆ. ದೇವರನ್ನ ಗಾಡಿಗೆ ಕಟ್ಟಿ ಚಾವಟೀಲಿ ಹೊಡೀಲಾ? ನಾನೂ ಮಕ್ಕಳೊಂದಿಗ. ಆ ಕರು ನಂಗೆ ಬೇಡ."

ಅಷ್ಟು ಹೊತ್ತಿಗೆ ಗಾಡಿಯಲ್ಲಿ ಬೋರಪ್ಪನೂ ಪಟೇಲ ಗಂಗಹನುಮಯ್ಯನವರೂ ಬಂದಿಳಿದರು. ಕನಸಿನ ಸುದ್ದಿ ಅವರಿಗೆ ದಾರಿಯಲ್ಲೇ ಸಿಕ್ಕಿತ್ತು.

"ಭಾಗ್ಯವಂತ ಕಣ್ಲಾ ನೀನು!" ಎಂದರು ಪಟೇಲರು. "ನಮ್ ಬಸವಂಗೂ ವಯಸ್ಸಾಯ್ತು. ಹುಟ್ಟೋ ಕರಾನೇ ಗುಡಿಗೆ ಬುಡಾನ."

"ಬುದ್ಧೀ, ಬಸವ ಗೌರೀನ ಮುಟ್ಟೇ ಇಲ್ಲ! ಬಿಡಿಸಿದ್ದು ಸರ್ಕಾರಿ ಹೋರಿಗೆ!"

"ಹೋರಿ ಯಾವ್ದಾದ್ರೇನ್ಲಾ? ಹುಟ್ಟೋನು ಅವನೇ ತಾನೆ? ನಿನ್ ಬಾಯಲ್ಲೇ ಬಂದ ಮಾತು."

ಇನ್ನು ಉಳಿದಿದ್ದು ಒಂದೇ ದಾರಿ. ಮೂಡಲಗಿರಿಯಪ್ಪ ಪಟೇಲರ ಕಾಲು ಹಿಡಿದ. "ಕನಸೂ ಇಲ್ಲ, ಗಿನಸೂ ಇಲ್ಲ ಬುದ್ಧಿ. ಜನ ದಾರಿ ಬುಡ್ಲಿ ಅಂತ ಸುಳ್ಳೇಳ್ದೆ!"

ತಮಟೆ ನಿಂತಿತು. ಪಟೇಲರು ಯೋಚಿಸಿದರು. "ದ್ಯಾವ್ರ ಹೆಸ್ರಲ್ಲಿ ಸುಳ್ಳೇಳಿದೀಯ. ಅಂದ್ಮ್ಯಾಲೆ ತಪ್ಪುಕಾಣಿಕೆ ಕೊಡ್ಬೇಕಲ್ಲ? ಆ ಕರಾನೇ ಗುಡಿಗೆ ಬುಡು."

"ಹೆಣ್ಗರ ಆದ್ರೆ?"

"ಅದರ ಹಾಲೆಲ್ಲ ಅಭಿಷೇಕಕ್ಕೆ."

"ಗಬ್ಬಾನೇ ನಿಲ್ದಿದ್ರೆ?" ಕೇಳಿದ್ದು ಬೋರಪ್ಪ. ಇಂಥ ಪ್ರಶ್ನೆ ಇನ್ಯಾರು ಕೇಳುತ್ತಾರೆ?

"ಅಂಗಾದ್ರೆ ದ್ಯಾವ್ರಿಗೆ ಇನ್ನೂ ಕೋಪ ಐತೆ ಅಂತ್ಲೇ ಲೆಕ್ಕ. ಗೌರೀನೇ ಗುಡಿಗೆ ಬುಡ್ಬೇಕಾಯ್ತದೆ" ಎಂದು ಪಟೇಲರು ತೀರ್ಪು ಮುಗಿಸಿ ಗಾಡಿ ಹತ್ತಿದರು. ಬೋರಪ್ಪನೂ ಹತ್ತಿದ. ಸಾಹುಕಾರರು ತೀರ್ಪು ಬಹಳ ನ್ಯಾಯವಾಗಿದೆ ಎಂದರು.

ಜನ ಕರಗಿದರು. ಇಳಿಹೊತ್ತಿನಲ್ಲಿ ಊರ ದಾರಿ ಹಿಡಿದ ಮೂಡಲಗಿರಿಯಪ್ಪನಿಗೆ ಎತ್ತಿನ ಆಸೆ ಆಗಲೇ ಹೋಗಿತ್ತು. ಈಗ ಗೌರಿಯದೇ ಭಯ. ಮನೆಯಲ್ಲಿ ಹಾಲು ಮೊಸರು ಎಂದು ಇರುವುದು ಅವಳೊಬ್ಬಳಿಂದ. ಸರ್ಕಾರಿ ಹೋರಿ ದೊಡ್ಡ ಹೋರಿಯೇ, ಆದರೆ ಒಂದೇ ಸಲಕ್ಕೆ ಗಬ್ಬ ನಿಂತಿದೆ ಎಂದು ಹೇಳುವವರಾರು?

ಹಿಂದೆ ತಿರುಗಿ ನೋಡಿದ. ಬಸವ ಬರುತ್ತಲೇ ಇತ್ತು. ಅತ್ತಿತ್ತ ಯಾರೂ ಇಲ್ಲ. ಮೂಡಲಗಿರಿಯಪ್ಪ ಗೌರಿಯ ಹಗ್ಗ ಕೆಳಗೆ ಬಿಟ್ಟು, ದಾರಿಯಿಂದ ಸರಿದು ನಿಂತು, ಆ ದಿನದಲ್ಲಿ ಮೊದಲ ಸಲ ಮನಸಾರೆ ಕೈಮುಗಿದ.

"ಬಾ ಸ್ವಾಮಿ. ನಂದು ತಪ್ಪಾಯ್ತು. ನಿಂದೂ ಒಂದು ಕೈ ಇರ್ಲಿ."

ಬಸವ ಗೌರಿಯನ್ನು ನೋಡಿತು. ಅವನನ್ನೂ ನೋಡಿತು. ಊರೂರಿನ ಬಾಳೆಹಣ್ಣು ತುಂಬಿದ ಹೊಟ್ಟೆಯನ್ನು ಮೆಲ್ಲಗೆ ನೆಲಕ್ಕಿಳಿಸಿ, ದಾರಿಯ ನಡುವೆ ಮಲಗಿ, ಕಣ್ಣು ಮುಚ್ಚಿ ಮೆಲುಕು ಹಾಕತೊಡಗಿತು.

"ಏಳಪ್ಪ! ಏಳೋ ನನ್ನಪ್ಪ!" ಮೂಡಲಗಿರಿಯಪ್ಪ ಕೂಗಿದ, ಬೇಡಿದ, ಕಡೆಗೆ ದೊಣ್ಣೆಯನ್ನೂ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು. ಹೊಡೆದು ಎಬ್ಬಿಸೋಣವೆಂದರೆ ಅದು ದೇವರ ಬಸವ.