ಗಂಟು ಮೊದಲೋ, ಗಟ್ಟಿಮೇಳ ಮೊದಲೋ

ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ ಎಂದು ಎದೆ ತಟ್ಟಿ ಹೇಳುವವರನ್ನು ಕಂಡರೆ ನನಗೀಗ ಭಯವಾಗುತ್ತದೆ. ಹೋದ ತಿಂಗಳವರೆಗೆ ಹಾಗೆ ಹೇಳುವವರಲ್ಲಿ ನಾನೇ ಮೊದಲಿಗನಾಗಿದ್ದೆ. ನಾನು ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಬೆಳಕು ಮೊದಲು, ಶಬ್ದ ಆಮೇಲೆ ಎಂದು ವರ್ಷವರ್ಷವೂ ಪಾಠ ಹೇಳಿ, ಮೈದಾನದ ಆ ತುದಿಯಲ್ಲಿ ಜವಾನನಿಂದ ತಟ್ಟೆ ಬಾರಿಸಿ ತೋರಿಸಿ, ಈ ಒಂದು ವಿಷಯದಲ್ಲಿ ನನ್ನನ್ನು ಯಾರೂ ಏಮಾರಿಸಲಾರರು ಎಂಬ ಧೈರ್ಯ ಬೆಳೆಸಿಕೊಂಡಿದ್ದೆ. ಆ ಧೈರ್ಯ ಒಂದು ಮದುವೆಗೇ ಸಂಚಕಾರ ತರುವುದರಲ್ಲಿತ್ತು.

ಮದುವೆ ನನ್ನ ಭಾವಮೈದ ಸುರೇಶನ ಮಗಳು ವಿದ್ಯಾಳದು. ನಮ್ಮೂರಿನದೇ ಹೊಸಮನೆ ಬಡಾವಣೆಯ ಹುಡುಗಿ, ಭದ್ರಾವತಿಯ ಹುಡುಗ. ಫೋಟೋ ತೆಗೆಯಲು ಜನರಿದ್ದರು. ವಿಡಿಯೋ ಮಾತ್ರ, “ಭಾವ, ನಿಮ್ಮ ಫೋನಲ್ಲೇ ತೆಗೆದ್ಬಿಡಿ, ನಿಮಗೆ ಅದೆಲ್ಲ ಗೊತ್ತಲ್ಲ” ಎಂದು ಸುರೇಶ ನನ್ನ ತಲೆಗೆ ಕಟ್ಟಿದ. ‘ನಿಮಗೆ ಅದೆಲ್ಲ ಗೊತ್ತಲ್ಲ’ ಎಂದರೆ ನಾನು ಯಾವ ಕೆಲಸಕ್ಕೂ ಇಲ್ಲವೆನ್ನುವುದಿಲ್ಲ. ಛತ್ರದ ಹಿಂಭಾಗದಲ್ಲಿ ಕುರ್ಚಿ ಹತ್ತಿ ನಿಂತು ಮುಹೂರ್ತವನ್ನು ಸೆರೆಹಿಡಿದೆ. ಚಿತ್ರ ಚೆನ್ನಾಗಿ ಬಂತು. ಆದರೆ ಸದ್ದಿನಲ್ಲಿ ವಾಲಗಕ್ಕಿಂತ, ಪಕ್ಕದವರಿಬ್ಬರು ಪಾಯಸದ ಬಗ್ಗೆ ಆಡಿದ ಮಾತೇ ಜೋರಾಗಿತ್ತು. ಪುಣ್ಯಕ್ಕೆ ನನ್ನ ಹೆಂಡತಿ ಗಿರಿಜಾ ಮಂಟಪದ ಪಕ್ಕದಲ್ಲೇ ನಿಂತು ಮಂತ್ರ, ವಾಲಗ ಎಲ್ಲದರ ಸದ್ದನ್ನಷ್ಟೇ ತನ್ನ ಫೋನಿನಲ್ಲಿ ಹಿಡಿದಿದ್ದಳು. ಮಾರನೆಯ ಮಧ್ಯಾಹ್ನ ರವೀಂದ್ರನಗರದ ನಮ್ಮ ಮನೆಯಲ್ಲಿ ನನ್ನ ಚಿತ್ರಕ್ಕೆ ಅವಳ ಸದ್ದನ್ನು ಜೋಡಿಸಲು ಕೂತೆ.

ಮೊದಲ ಸಲವೇ ಎರಡೂ ಸರಿಯಾಗಿ ಕೂತವು. ಅಲ್ಲಿಗೇ ಎದ್ದು ಊಟಕ್ಕೆ ಹೋಗಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ನನ್ನೊಳಗಿನ ಮೇಷ್ಟ್ರು ಬಿಡಲಿಲ್ಲ. ನಾನು ನಿಂತದ್ದು ಹಿಂದೆ. ಸದ್ದು ಅಲ್ಲಿಯವರೆಗೆ ಬರಲು ಚೂರಾದರೂ ಹೊತ್ತು ಬೇಡವೇ? ಸದ್ದನ್ನು ಚೂರು ತಡವಾಗಿಸಿದೆ. ಮೊದಲು ನೋಡಿದಾಗ ಕೊಂಚ ಎಡವಿದಂತಿತ್ತು. ಹತ್ತು ಸಲ ನೋಡುವಷ್ಟರಲ್ಲಿ ಕರಾರುವಾಕ್ಕಾಗಿ ಕಂಡಿತು. ಇನ್ನೂ ಚೂರು ಬೇಕೇನೋ ಎನ್ನಿಸಿ ಮತ್ತೆ ಸರಿಸಿದೆ. ಮತ್ತೆ ಹತ್ತು ಸಲ ನೋಡಿದೆ, ಮತ್ತೆ ಕರಾರುವಾಕ್ಕು. ಹೊಸ ಚಪ್ಪಲಿ ಕಾಲಿಗೆ ಹೊಂದಿತು ಎಂದು ನಾವು ಹಿಗ್ಗುತ್ತೇವೆ. ಕಾಲೇ ಚಪ್ಪಲಿಗೆ ಹೊಂದಿಕೊಂಡಿತೆಂದು ತಿಳಿಯುವುದೇ ಇಲ್ಲ. ಹೀಗೆ ನಾಲ್ಕೈದು ಬಾರಿ ವಿಜ್ಞಾನವನ್ನು ಬಳಸಿ, ಎರಡೂ ಮನೆಯವರಿಗೆ ವಿಡಿಯೋ ಕಳಿಸಿ, ಹೊಗಳಿಕೆಗಾಗಿ ಕಾದು ಕೂತೆ.

ಬಂದದ್ದು ಭದ್ರಾವತಿಯಿಂದ ಫೋನು. ಹುಡುಗನ ದೊಡ್ಡಮ್ಮ ಕಮಲಮ್ಮನವರು.

“ಏನ್ ಮೇಷ್ಟ್ರೇ ಇದು? ತಾಳಿಗೆ ಗಂಟು ಬಿದ್ದಾಗ ವಾಲಗದ ಸದ್ದೇ ಇಲ್ಲ! ಗಂಟು ಹಾಕಿ ಕೈ ತೆಗೆದ್ಮೇಲೆ ಗಟ್ಟಿಮೇಳ ಬಂದಿದೆ. ಮುಹೂರ್ತ ತಪ್ಪಿ ಹೋಯ್ತಲ್ರೀ!”

ಮದುವೆಗೆ ಅಷ್ಟು ಜನ ಬಂದಿದ್ದರು, ನಿಜ. ಆದರೆ ಗಂಟು ಬಿದ್ದದ್ದನ್ನು ಕಂಡವರಿಲ್ಲ. ಮಂಟಪದ ಪಕ್ಕದಲ್ಲಿದ್ದ ಗಿರಿಜಾಳೂ ಸೇರಿ ಎಲ್ಲರೂ ಕಂಡದ್ದು ಫೋಟೋದವರ ಬೆನ್ನು. ಇದ್ದ ಸಾಕ್ಷಿ ನನ್ನ ವಿಡಿಯೋ ಒಂದೇ. ಹಿಂದೆಯೇ ಸುರೇಶನ ಫೋನು: “ಭಾವ, ಮತ್ತೆ ತಾಳಿ ಕಟ್ಟಿಸ್ಬೇಕು ಅಂತಿದಾರೆ. ವಿದ್ಯಾ ರೂಮಿನ ಬಾಗಿಲು ಹಾಕ್ಕೊಂಡು ಅಳ್ತಿದಾಳಂತೆ. ನಡೀರಿ, ಹೋಗಿ ಬರೋಣ.” ಗಿರಿಜಾಳೂ ಸೇರಿ ಮೂವರೂ ಸಿಕ್ಕ ಬಸ್ಸು ಹತ್ತಿದೆವು.

ಕಮಲಮ್ಮನವರ ಮನೆಯಲ್ಲಿ ದೊಡ್ಡ ಟಿವಿಯ ಮುಂದೆ ಎಲ್ಲರೂ ಕೂತಿದ್ದರು. ವಿದ್ಯಾ ಕಣ್ಣು ಊದಿಸಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ವಿಡಿಯೋ ಹಾಕಿದರು. ಆಣೆ ಮಾಡಿ ಹೇಳುತ್ತೇನೆ, ನನಗೆ ಗಂಟೂ ಗಟ್ಟಿಮೇಳವೂ ಒಟ್ಟಿಗೇ ಬಂದಂತೆ ಕಂಡಿತು. “ಸರಿಯಾಗೇ ಇದೆಯಲ್ಲ!” ಎಂದೆ. ಇಡೀ ಮನೆ ನನ್ನ ಕಡೆ ತಿರುಗಿತು. ಗಿರಿಜಾ ಮೆಲ್ಲಗೆ, “ರೀ, ನಿಮಗೆ ನಿಜವಾಗ್ಲೂ ಕಾಣ್ತಿಲ್ವಾ?” ಎಂದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ, ಗಾಬರಿಯಿತ್ತು. ಎಲ್ಲರಿಗೂ ಕಾಣುತ್ತಿರುವುದು ನನಗೊಬ್ಬನಿಗೆ ಕಾಣುತ್ತಿಲ್ಲ ಎಂದರೆ ಏನರ್ಥ?

ಆಗ ವಿದ್ಯಾ ಮುಂದೆ ಬಂದಳು. “ದೊಡ್ಡತ್ತೆ, ಇನ್ನೊಂದ್ಸಲ ಹಾಕಿ. ಪುರೋಹಿತರ ಬಾಯಿ ನೋಡಿ. ‘ಗಟ್ಟಿಮೇಳ’ ಅಂತ ಕೇಳಿಸೋ ಹೊತ್ತಿಗೆ ಅವರ ಬಾಯಿ ಮುಚ್ಚಿರುತ್ತೆ. ಬಾಯಿ ಮುಚ್ಕೊಂಡು ಯಾರಾದ್ರೂ ಕೂಗ್ತಾರಾ?” ಕಮಲಮ್ಮ ಕನ್ನಡಕ ಸರಿಮಾಡಿಕೊಂಡು ಮೂರು ಸಲ ನೋಡಿದರು. ಆಮೇಲೆ ಟಿವಿಯನ್ನು ಬಿಟ್ಟು ನನ್ನನ್ನು ನೋಡಿದರು. “ಮೇಷ್ಟ್ರೇ, ಸದ್ದಿಗೆ ಏನಾದ್ರೂ ಮಾಡಿದ್ರಾ?”

ಒಪ್ಪಿಕೊಂಡೆ. ಬೆಳಕಿನ ವೇಗ, ಶಬ್ದದ ವೇಗ, ಕುರ್ಚಿ, ಚೂರು ಚೂರು ಸರಿಸಿದ್ದು ಎಲ್ಲವನ್ನೂ ಹೇಳಿದೆ. ತರಗತಿಯಲ್ಲಿ ನನ್ನ ಪಾಠವನ್ನು ಯಾರೂ ಅಷ್ಟು ನಿಶ್ಶಬ್ದವಾಗಿ ಕೇಳಿದ್ದಿಲ್ಲ. ನನ್ನ ಫೋನಿನಲ್ಲಿದ್ದ ಮೂಲ ವಿಡಿಯೋವನ್ನೇ ಹಾಕಿಸಿದೆ. ಪಾಯಸದ ಮಾತಿನ ನಡುವೆಯೂ ಗಟ್ಟಿಮೇಳ ಕೇಳಿಸಿತು. “ಆಹಾ, ಮೇಳದ ನಡುವೆಯೇ ಗಂಟು ಬಿದ್ದಿದೆ!” ಎಂದು ಕಮಲಮ್ಮ ಕೈಮುಗಿದರು. ಸುರೇಶ ಕಣ್ಣೊರೆಸಿಕೊಂಡ. ವಿದ್ಯಾ ನಕ್ಕು, “ಮಾವ, ಕಾಫಿ ಕುಡಿದೇ ಹೋಗ್ಬೇಕು” ಎಂದಳು. ತನ್ನನ್ನು ಅಳಿಸಿದವನಿಗೆ ಕಾಫಿ ಕೊಡುವ ದೊಡ್ಡ ಮನಸ್ಸು ಆ ಹುಡುಗಿಯದು.

ಕಾಫಿ ಕುಡಿದೆ. ಆದರೆ ಯಾರಿಗೂ ಹೇಳದ ಸಂಗತಿಯೊಂದಿತ್ತು. ಎಲ್ಲರೂ ಸರಿಯಿದೆ ಎಂದು ಹಿಗ್ಗಿದ ಆ ಮೂಲ ವಿಡಿಯೋ ನನಗೆ ಮಾತ್ರ ತಪ್ಪಾಗಿ ಕಂಡಿತ್ತು. ಅದರಲ್ಲಿ ಪುರೋಹಿತರು ಬಾಯಿ ತೆರೆಯುವ ಮೊದಲೇ ಕೂಗು ಕೇಳಿಸಿದಂತಾಗಿ ನಾನು ಬೆಚ್ಚಿಬಿದ್ದಿದ್ದೆ.

ಬಸ್ಸಿನಲ್ಲಿ ಗಿರಿಜಾಳಿಗೆ ಗುಟ್ಟು ಹೇಳಿದೆ. “ಒಂದೇ ಮಧ್ಯಾಹ್ನದಲ್ಲಿ ಕಣ್ಣು ಕಿವಿ ಹೀಗೆ ಕೈಕೊಟ್ರೆ, ಇಷ್ಟು ವರ್ಷ ನಾನು ಸರಿ ಅಂದ್ಕೊಂಡಿದ್ದು ಇನ್ನೆಷ್ಟು ತಪ್ಪಿರ್ಬೇಕು ಮಾರಾಯ್ತಿ! ಇನ್ಮೇಲೆ ಏನೇ ಆದ್ರೂ ನಿನ್ನನ್ನ ಒಂದ್ಸಲ…”

“ಕೇಳಿಯೇ ಮಾಡಿ” ಎಂದಳು ಗಿರಿಜಾ.

ನನ್ನ ಮಾತಿನ್ನೂ ಮುಗಿದಿರಲಿಲ್ಲ, ಉತ್ತರ ಬಂದಾಗಿತ್ತು. ಮದುವೆಯಾದಂದಿನಿಂದಲೂ ನನ್ನ ಮಾತಿಗಿಂತ ಅವಳ ಉತ್ತರವೇ ಮೊದಲಂತೆ. ನನಗೆ ಮಾತ್ರ ಕರಾರುವಾಕ್ಕಾಗಿ ಕೇಳಿಸುತ್ತಿತ್ತು.