ಕೆಲಸಕ್ಕೆ ಸೇರಿದ ಇದ್ದಿಲು

ಎಲ್ಲದಕ್ಕೂ ಕಾರಣ ಒಂದು ತೇಗು. ಅದೂ ಪೂರ್ತಿ ತೇಗಲ್ಲ. ಅರ್ಧ ದಾರಿಗೆ ಬಂದು, ಏನೋ ಮರೆತವರಂತೆ ಹೊಟ್ಟೆಗೇ ವಾಪಸು ಹೋದದ್ದು. ಕ್ರೇನಪ್ಪ ಅದನ್ನು ಮನೆಯೊಳಗೇ ಮುಗಿಸಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ತೇಗಿದ. ಮೇಲಿನ ಮನೆಯ ಡ್ರಾಯಿಂಗ್ ಮೇಷ್ಟ್ರ ಬಾಗಿಲು ತೆರೆಯಿತು.

“ಗ್ಯಾಸು!” ಎಂದರು ಮೇಷ್ಟ್ರು, ರೈಲು ಬಂದದ್ದನ್ನು ಸಾರುವ ದನಿಯಲ್ಲಿ.

“ಏನಿಲ್ಲ ಮೇಷ್ಟ್ರೇ, ಒಂಚೂರು ಹೊಟ್ಟೆ ಉಬ್ಬರ. ಬರ್ತೀನಿ, ಇವತ್ತು ಕಂಪನೀಲಿ ಮೆಡಿಕಲ್ ಟೆಸ್ಟು.”

“ಟೆಸ್ಟಿಗೆ ಈ ಹೊಟ್ಟೆ ಹೊತ್ಕೊಂಡು ಹೋಗ್ತೀಯಾ? ಡಾಕ್ಟ್ರು ಕೈ ಇಟ್ರೆ ಡೋಲು ಬಡಿದಂಗೆ ಕೇಳುತ್ತೆ. ಬಾ ಇಲ್ಲಿ.”

ಮೇಷ್ಟ್ರು ಲೋಟದ ನೀರಿಗೆ ಎರಡು ಚಮಚ ಕರಿ ಪುಡಿ ಕದಡಿದರು.

“ಇದು ಇದ್ದಿಲಲ್ವಾ?”

“ಬರೀ ಇದ್ದಿಲಲ್ಲಯ್ಯಾ, ಆ್ಯಕ್ಟಿವೇಟೆಡ್! ಮಾಮೂಲಿ ಇದ್ದಿಲು ಇದ್ದಲ್ಲೇ ಬಿದ್ದಿರೋ ಸೋಮಾರಿ. ಇದು ಕೆಲಸಕ್ಕೆ ಸೇರಿರೋ ಇದ್ದಿಲು. ಒಳಗಿರೋ ಕೆಟ್ಟದ್ದನ್ನೆಲ್ಲ ಹೀರ್ಕೊಂಡು ಹೊರಡುತ್ತೆ. ಪ್ರಕೃತಿ ಕಣಯ್ಯಾ, ಪ್ರಕೃತಿ! ಪ್ಯಾಕೆಟ್ಟೂ ಇಟ್ಕೋ, ಮಧ್ಯಾಹ್ನಕ್ಕಾಗುತ್ತೆ.”

ಬೇಡ ಎನ್ನುವುದು ಕ್ರೇನಪ್ಪನಿಗೆ ಬರುತ್ತಿರಲಿಲ್ಲ. ನೆಲದ ಮೇಲಿದ್ದಷ್ಟು ಹೊತ್ತೂ ಯಾರಾದರೂ ಅವನಿಗೆ ಬುದ್ಧಿ ಹೇಳುತ್ತಲೇ ಇರುತ್ತಿದ್ದರು: ಮನೆಯಲ್ಲಿ ಹೆಂಡತಿ, ಮೆಟ್ಟಿಲಲ್ಲಿ ಮೇಷ್ಟ್ರು, ಯಾರ್ಡಿನಲ್ಲಿ ಮಿಕ್ಕವರೆಲ್ಲ. ಅರವತ್ತಡಿ ಮೇಲೆ, ತಾನು ಓಡಿಸುವ ಕ್ರೇನಿನ ಗಾಜಿನ ಗೂಡಿನಲ್ಲಿ ಮಾತ್ರ ಅವನ ತಲೆ ಅವನದು. ಆ ಗೂಡಿಗಾಗಿಯೇ ಹನ್ನೊಂದು ವರ್ಷದಿಂದ ಒಂದು ಸುಳ್ಳನ್ನು ಸಾಕಿಕೊಂಡಿದ್ದ. ದಿನಾ ಬೆಳಿಗ್ಗೆ ಆರಕ್ಕೆ ಗುಟ್ಟಾಗಿ ಒಂದು ಬಿ.ಪಿ. ಮಾತ್ರೆ, ವರ್ಷಕ್ಕೊಮ್ಮೆ ಕಂಪನಿಯ ಫಾರ್ಮಿನಲ್ಲಿ ‘ಕಾಯಿಲೆ: ಇಲ್ಲ, ಮಾತ್ರೆ: ಇಲ್ಲ’ ಎಂದು ಸಹಿ. ಬಿ.ಪಿ. ಇರುವವನನ್ನು ಆ ಕಂಪನಿ ಕ್ರೇನ್ ಹತ್ತಿಸುತ್ತಿರಲಿಲ್ಲ.

ಅವತ್ತೂ ಆರಕ್ಕೆ ಮಾತ್ರೆಯಾಗಿತ್ತು. ಒಂಬತ್ತಕ್ಕೆ ಇದ್ದಿಲಾಯಿತು. ಹನ್ನೊಂದಕ್ಕೆ ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ ಹೋಗಿ ಕೂತ.

ಪಕ್ಕದಲ್ಲಿದ್ದವನು ವೆಲ್ಡರು. ಎಲ್ಲಿ ಕೂತರೂ ಏನಾದರೊಂದು ಹೊತ್ತಿಸುತ್ತಿದ್ದುದರಿಂದ ಅವನ ಹೆಸರು ಕಿಡಿ. “ಬಾಯೇನಣ್ಣಾ ಇದು? ಹೊಸ ಟಾರ್ ರೋಡು ನೆಕ್ಕಿದ್ಯಾ?”

ಕ್ರೇನಪ್ಪ ಪ್ಯಾಕೆಟ್ ತೋರಿಸಿದ. ಕಿಡಿ ಅದನ್ನು ಕಿತ್ತುಕೊಂಡು ಗಂಟಲು ಸರಿ ಮಾಡಿ, ರೇಡಿಯೊದವರ ದನಿ ತೆಗೆದ. “ಎಚ್ಚರಿಕೆ. ಬೇರೆ ಔಷಧಿಗಳೊಂದಿಗೆ ಸೇವಿಸಬಾರದು. ಅವುಗಳನ್ನೂ ಹೀರಿಕೊಂಡು ನಿಷ್ಫಲಗೊಳಿಸಬಹುದು. ಇಲ್ಲಿಗೆ ವಾರ್ತೆಗಳು ಮುಗಿದವು.”

ಕ್ರೇನಪ್ಪ ಪ್ಯಾಕೆಟ್ಟನ್ನು ವಾಪಸು ಕಿತ್ತುಕೊಂಡ. “ಅಂದ್ರೆ?”

“ಅಂದ್ರೆ ನೀನು ಮಾತ್ರೆ ನುಂಗಿದ್ರೆ, ಇದು ಆ ಮಾತ್ರೇನ ನುಂಗುತ್ತೆ. ಯಾಕಣ್ಣಾ, ನೀನ್ಯಾವ ಮಾತ್ರೆ ತಗೋತೀಯ?”

“ನಾನಲ್ಲ! ನನ್ನ ಭಾವಮೈದ!” ಎಂದವನೇ ಬಚ್ಚಲಿಗೆ ಓಡಿದ.

ಗಂಟಲಿಗೆ ಎರಡು ಬೆರಳು ಹಾಕಿದ. ಮಾತ್ರೆಯೂ ಬರಲಿಲ್ಲ, ಇದ್ದಿಲೂ ಬರಲಿಲ್ಲ. ಕರಿ ಜೊಲ್ಲು ಮಾತ್ರ ಬಿಳಿ ಅಂಗಿಯ ಮೇಲೆ ಸಾಲಾಗಿ ಇಳಿಯಿತು, ಇರುವೆಗಳು ಮೆರವಣಿಗೆ ಹೊರಟಂತೆ. ಓಕರಿಸುವ ಸದ್ದಿಗೆ ಅರ್ಧ ಬೆಂಚು ಬಾಗಿಲಿಗೆ ಬಂತು.

“ಬಗ್ಗಣ್ಣಾ, ಇನ್ನೂ ಬಗ್ಗು.”

“ಬಗ್ಬೇಡ! ನಿಂತಲ್ಲೇ ನಾಲ್ಕು ಸಲ ಕುಣಿ.”

ಬಗ್ಗಿದ. ಕುಣಿದ. ಕುಣಿಯುವಾಗಲೇ ಒಳಗಿಂದ ಕರೆ ಬಂತು.

ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರು. ಮೆಷಿನ್ನು ಗುರ್ರೆಂದು ಉಬ್ಬಿ, ಟುಸ್ಸೆಂದು ಇಳಿದು, ನೂರ ತೊಂಬತ್ತು ತೋರಿಸಿತು.

“ಹೂಂ,” ಎಂದರು ಡಾಕ್ಟರಮ್ಮ. ಮೆಷಿನ್ನು ನೋಡಿದರು, ಅಂಗಿ ನೋಡಿದರು, ಅಟೆಂಡರನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು. ಅವನು ಓಡಿದ.

ಮ್ಯಾನೇಜರನ್ನು ಕರೆಯಲು ಹೋದ ಎಂದುಕೊಂಡ ಕ್ರೇನಪ್ಪನ ಬಾಯಿ ಕಟ್ಟೆಯೊಡೆಯಿತು. “ಮೇಡಂ, ಇದು ನನ್ನ ಬಿ.ಪಿ. ಅಲ್ಲ! ನನ್ನದು ಮಾತ್ರೇಲಿ ಸರಿಯಾಗೇ ಇದೆ. ಹನ್ನೊಂದು ವರ್ಷದಲ್ಲಿ ಒಂದಿನ ತಪ್ಸಿಲ್ಲ. ಇವತ್ತು ಈ ಹಾಳು ಇದ್ದಿಲು ಕುಡ್ದೆ, ಅದು ಮಾತ್ರೇನೆಲ್ಲ ನುಂಗ್ಬಿಡ್ತು!”

ಡಾಕ್ಟರಮ್ಮ ಫಾರ್ಮನ್ನು ಹತ್ತಿರಕ್ಕೆ ಎಳೆದುಕೊಂಡರು.

“ಎಷ್ಟೊತ್ತಿಗೆ ಮಾತ್ರೆ ತಗೊಂಡ್ರಿ?”

“ಆರಕ್ಕೆ.”

“ಇದ್ದಿಲು?”

“ಒಂಬತ್ತಕ್ಕೆ.”

“ಅಷ್ಟೊತ್ತಿಗೆ ಮಾತ್ರೆ ರಕ್ತಕ್ಕೆ ಸೇರಿರುತ್ತಪ್ಪಾ. ಇದ್ದಿಲಿಗೆ ಏನೂ ಸಿಕ್ಕಿರಲ್ಲ.”

ಅಟೆಂಡರು ಏದುಸಿರು ಬಿಡುತ್ತ ಇನ್ನೊಂದು ಮೆಷಿನ್ನು ತಂದಿಟ್ಟ.

“ಬೆಳಿಗ್ಗೆಯಿಂದ ಆ ಮೆಷಿನ್ನು ಎಲ್ರಿಗೂ ನೂರ ತೊಂಬತ್ತೇ ತೋರಿಸ್ತಿದೆ,” ಎಂದರು ಡಾಕ್ಟರಮ್ಮ. “ನಂಗೂ ಅಷ್ಟೇ. ಬೇರೆದು ತಾ ಅಂತ ಕಳಿಸಿದ್ದೆ.”

ಹೊಸ ಮೆಷಿನ್ನು ನೂರ ಇಪ್ಪತ್ತೆಂಟು ಎಂದಿತು.

ಡಾಕ್ಟರಮ್ಮ ಫಾರ್ಮಿನಲ್ಲಿ ‘ಮಾತ್ರೆ: ಇಲ್ಲ’ ಎಂಬುದರ ಮೇಲೆ ಕೆಂಪು ಗೆರೆ ಎಳೆದು, ಕೆಳಗೆ ‘ನೆಲದ ಕೆಲಸ ಮಾತ್ರ’ ಎಂದು ಬರೆದರು. “ನಾನು ಕೇಳ್ಲೇ ಇಲ್ಲ, ನೀವೇ ಹೇಳಿದ್ರಿ. ಕಿವಿಗೆ ಬಿದ್ಮೇಲೆ ಬರೀಲೇಬೇಕಲ್ಲಪ್ಪಾ.”

ಹೊರಗೆ ಕಿಡಿ ಕಾಯುತ್ತಿದ್ದ. “ಎಷ್ಟು ಬಂತಣ್ಣಾ?”

“ನೂರ ಇಪ್ಪತ್ತೆಂಟು.”

“ಭೇಷ್! ಹಂಗಾದ್ರೆ ಕಣ್ಣಲ್ಲಿ ನೀರ್ಯಾಕೆ? ಕೇಳಿಲ್ಲಿ, ಬೆಳಿಗ್ಗೆ ಎದ್ದು ಉಸಿರು ಹಿಡಿದು...”

“ಉಸಿರು ಬಿಡ್ಬೇಕು ಕಣೋ, ಹಿಡಿಯೋದಲ್ಲ,” ಎಂದ ಇನ್ನೊಬ್ಬ. ಬೆಂಚಿನಿಂದ ಎದ್ದು ಮೂರನೆಯವನೂ ಬಂದ.

ಮೂವರೂ ಒಟ್ಟಿಗೆ ಬುದ್ಧಿ ಹೇಳತೊಡಗಿದರು. ಕ್ರೇನಪ್ಪ ಕೇಳುತ್ತ ನಿಂತ. ಹತ್ತಿ ತಪ್ಪಿಸಿಕೊಳ್ಳಲು ಅವನಿಗೆ ಇನ್ನು ಮೇಲೆ ಗೂಡಿರಲಿಲ್ಲ.